ತಗ್ಗಿನ ಕಾರಿಗೆ ಯಾವ ಫ್ಲೋರ್ ಜಾಕ್?

ಪ್ರಶ್ನೆ: ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದ್ದೇನೆ. ಈಗ ಜಾಕ್ ಕೊಡುವ ಜಾಗ ನೆಲದಿಂದ ಬರೀ 10 ಸೆಂ.ಮೀ. ಹಳೇ ಫ್ಲೋರ್ ಜಾಕ್ (ಕಾರಿನಡಿ ಉರುಳಿಸಿ, ಉದ್ದ ಹಿಡಿ ಒತ್ತಿ ಎತ್ತುವಂಥದ್ದು) ಪೂರ್ತಿ ಇಳಿಸಿದರೂ 13 ಸೆಂ.ಮೀ. ಇರುತ್ತದೆ. ಎಂಥದ್ದು ತಗೊಳ್ಳಲಿ? 3 ಟನ್ನಿನದೇ ಬೇಕಾ?

ಉತ್ತರ 1: ಒಂದು ಬದಿ ಎತ್ತುವಾಗ ಕಾರಿನ ಪೂರ್ತಿ ಭಾರ ಜಾಕ್ ಮೇಲೆ ಬೀಳುವುದಿಲ್ಲ, ಅಲ್ವಾ? ಸಾಮಾನ್ಯ ಕಾರಿಗೆ 2 ಟನ್ ಸಾಕು. ಇಳಿಸಿದಾಗಿನ ಎತ್ತರ 8 ಸೆಂ.ಮೀ. ಒಳಗಿರಲಿ. ನಾನು ಅಷ್ಟೇ ನೋಡಿ ತಂದು ಬೇಸ್ತು ಬಿದ್ದೆ. ತಲೆಯೇನೋ ಒಳಗೆ ಹೋಯಿತು, ಹಿಡಿ ಬಂಪರ್‌ಗೆ ತಾಗಿ ಒತ್ತಲು ಜಾಗವೇ ಇಲ್ಲ! ಉದ್ದನೆಯ ಜಾಕ್ ನೋಡಿ.

ಉತ್ತರ 2: ಮೊದಲು 4 ಸೆಂ.ಮೀ. ದಪ್ಪದ ಹಲಗೆ ಮೇಲೆ ಚಕ್ರ ಹತ್ತಿಸಿ ನೋಡಿ. ಹಳೇ ಜಾಕೇ ಸಾಕಾಗಬಹುದು.

ಪ್ರಶ್ನೆ ಕೇಳಿದವರು: ಅಯ್ಯೋ, ಇದು ಹೊಳೆದೇ ಇರಲಿಲ್ಲ!

ಉತ್ತರ 1: ಎತ್ತಿದ ಕಾರಿನ ಭಾರ ಹೊರುವ ಸ್ಟ್ಯಾಂಡ್ ಕೊಡದೆ ಮಾತ್ರ ಕೆಳಗೆ ನುಸುಳಬೇಡಿ. ಒಳಗಿನ ಎಣ್ಣೆ ಸೋರದಂತೆ ತಡೆಯುವ ಸೀಲ್ ಕೈಕೊಟ್ಟರೆ ಜಾಕ್ ಕುಸಿಯುತ್ತದೆ.