ಪದಚರ್ಚೆ: ಕುದುರೆ ದೊಡ್ಡಿಯ ಗೇಟಿನ ಭಾಗಗಳಿಗೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಕುದುರೆ ಸಾಕುವವರಿಗೂ ಗೇಟು ಮಾಡಿಕೊಡುವ ವೆಲ್ಡಿಂಗ್ ಶಾಪಿನವರಿಗೂ ಒಂದು ಚಿಕ್ಕ ಕೈಪಿಡಿ ಸಿದ್ಧವಾಗುತ್ತಿದೆ. ಕೆಲವು ಪದಗಳು ಸರಿಯಾಗಿ ಕೂತಿಲ್ಲ. ಪ್ಯಾಡಾಕಿಗೆ ‘ಲಾಯ’, ಹಿಂಜಿಗೆ ‘ತಿರುಗಣಿ’, ಗೇಟಿಗೂ ಕಂಬಕ್ಕೂ ನಡುವೆ ಉಳಿಯುವ ಜಾಗಕ್ಕೆ ‘ಅಂತರ’, ಮೂಲೆಯಿಂದ ಮೂಲೆಗೆ ಹೋಗುವ ಪಟ್ಟಿಗೆ ‘ಅಡ್ಡಪಟ್ಟಿ’, ಮುಚ್ಚಿ ಭದ್ರ ಮಾಡುವುದಕ್ಕೆ ‘ಚಿಲಕ’ ಎಂದು ಹಾಕಿದೆ. ಓದಿದವನು ಮತ್ತೆ ಫೋನ್ ಮಾಡಿ ಕೇಳದೆ ಕೆಲಸ ಮುಗಿಸುವಂತಿರಬೇಕು. ಕಂಬಗಳ ತೂತಿಗೆ ಕೋಲು ತೂರಿಸುವ ಮಲೆನಾಡಿನ ‘ಉಣಗೋಲು’ ಇಲ್ಲಿ ಹೊಂದೀತೇ? ತಿಳಿದವರು ದಯವಿಟ್ಟು ತಿದ್ದಿ.

ಉತ್ತರ:

ಲಾಯ ಬೇಡ ಸರ್. ಲಾಯಕ್ಕೆ ಸೂರಿರುತ್ತದೆ, ಪ್ಯಾಡಾಕು ಬೇಲಿ ಹಾಕಿದ ಬಯಲು. ರೇಸಿನವರ ಬಾಯಲ್ಲಿ ಪ್ಯಾಡಾಕ್ ಅಂದರೆ ಓಟಕ್ಕೆ ಮುಂಚೆ ಕುದುರೆ ಸುತ್ತಿಸುವ ಜಾಗವೂ ಹೌದು, ಹಾಗಾಗಿ ‘ಕುದುರೆ ದೊಡ್ಡಿ’ ಎಂದರೆ ಗೊಂದಲವಿಲ್ಲ. ಇಲ್ಲಿ ಪದ ತಪ್ಪಿದರೆ ಕೆಲಸವೇ ತಪ್ಪುತ್ತದೆ. ದೊಡ್ಡಿಯ ಗೇಟು ಒಳಕ್ಕೆ ತೆರೆಯಬೇಕು; ಕುದುರೆ ಮೈಯೊತ್ತಿ ನೂಕಿದರೆ ಅದು ಕಂಬಕ್ಕೇ ಒತ್ತಿಕೊಳ್ಳುತ್ತದೆ. ಲಾಯದ ಬಾಗಿಲು ಹೊರಕ್ಕೆ ತೆರೆಯಬೇಕು, ಇಲ್ಲವೇ ಪಕ್ಕಕ್ಕೆ ಸರಿಯಬೇಕು. ಒಳಗೆ ಮಲಗಿದ ಕುದುರೆ ಏಳಲಾಗದೆ ಬಾಗಿಲಿಗೆ ಅಡ್ಡ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಯಾರಿಂದಲೂ ತೆಗೆಯಲಾಗದು. ದೊಡ್ಡಿಗೆ ಗೇಟು, ಲಾಯಕ್ಕೆ ಬಾಗಿಲು ಎಂದು ಕೈಪಿಡಿಯ ಉದ್ದಕ್ಕೂ ಬೇರೆಬೇರೆಯಾಗಿಯೇ ಇಡಿ.

‘ಅಂತರ’ದ ಬಗ್ಗೆ ನನಗೆ ಹೆಚ್ಚು ಆತಂಕ. ಹಿಂಜಿನಿಂದ ಹಿಂಜಿಗೆ, ಪೈಪಿನಿಂದ ಪೈಪಿಗೆ, ಗೇಟಿನಿಂದ ಕಂಬಕ್ಕೆ, ಎಲ್ಲವೂ ಅಂತರವೇ. ಗೇಟಿಗೂ ಕಂಬಕ್ಕೂ ನಡುವಿನದು ‘ಸಂದು’. ಎರಡೂ ಕಡೆ 3 ಇಂಚು ಮೀರಬಾರದು. ಮೀರಿದರೆ ಗೊರಸು ತೂರುತ್ತದೆ, ಇನ್ನೂ ಅಗಲವಾದರೆ ತಲೆ ಸಿಕ್ಕಿಕೊಳ್ಳುತ್ತದೆ. ಪೈಪುಗಳ ನಡುವಿನದು, ಜಾಲರಿಯ ತೂತು ‘ಕಂಡಿ’. ಮರಿ ಇರುವ ಕಡೆ 2×4 ಇಂಚಿನ ಕಂಡಿಯ ವೆಲ್ಡ್ ಜಾಲರಿ ಹಾಕಿಸಿ.

ಅಡ್ಡ ಎಂದರೆ ನೆಲಕ್ಕೆ ಸಮನಾಗಿ ಮಲಗಿದ್ದು. ಮೂಲೆಯಿಂದ ಮೂಲೆಗೆ ಹೋದದ್ದು ‘ಓರೆಪಟ್ಟಿ’, ನೆಟ್ಟಗೆ ನಿಂತದ್ದು ‘ನಿಲುಪಟ್ಟಿ’. ಕುದುರೆ ಗೇಟಿಗೆ ಓರೆಪಟ್ಟಿ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. ಓರೆಪಟ್ಟಿ ಅಡ್ಡ ಪೈಪನ್ನು ಕೂಡುವ ಕಡೆ ಕಂಡಿ ಕಿರಿದಾಗುತ್ತಾ ಹೋಗುತ್ತದೆ. ಅಗಲದ ಕಡೆಯಿಂದ ಒಳಬಿದ್ದ ಕಾಲು ಜಾರಿ ಇಕ್ಕಟ್ಟಿಗೆ ಸೇರುತ್ತದೆ, ಕುದುರೆ ಗಾಬರಿಯಾಗಿ ಹಿಂದಕ್ಕೆ ಎಳೆಯುತ್ತದೆ, ಕಾಲು ಮುರಿಯುತ್ತದೆ. 12 ಅಡಿ ಗೇಟಿಗೆ ಎರಡು ನಿಲುಪಟ್ಟಿ, ಬಿ ಕ್ಲಾಸ್ ಜಿಐ ಪೈಪು (ಸತು ಲೇಪಿಸಿದ ಮಧ್ಯಮ ದಪ್ಪದ ಪೈಪು, ಅದರ ಮೇಲೆ ನೀಲಿ ಪಟ್ಟೆ ಇರುತ್ತದೆ) ಹಾಕಿದರೆ ಓರೆಪಟ್ಟಿಯ ಹಂಗಿಲ್ಲ. ತೆಳು ಪೈಪು ಕುದುರೆ ಒರಗಿದರೆ ಬಾಗುತ್ತದೆ.

ತಿರುಗಣಿ ಹಳೆಯ ಮರದ ಬಾಗಿಲಿಗೆ ಸರಿ. ಶಾಪಿನಲ್ಲಿ ಹಿಂಜು ಅಂತಲೇ ಅನ್ನುತ್ತಾರೆ, ಅದನ್ನೇ ಇಡಿ. ಆದರೆ ಅದರ ಎರಡು ತುಂಡಿಗೂ ಹೆಸರು ಬೇಕು: ಕಂಬದಲ್ಲಿರುವುದು ‘ಪಿನ್ನು’, ಗೇಟಿನಲ್ಲಿರುವುದು ‘ಬಳೆ’. ಕೆಳಗಿನ ಪಿನ್ನು ಮೇಲ್ಮುಖ, ಮೇಲಿನ ಪಿನ್ನು ಕೆಳಮುಖ. ಎರಡೂ ಮೇಲ್ಮುಖವಾಗಿದ್ದರೆ ಪೈಪಿನ ಕೆಳಗೆ ಕತ್ತು ತೂರಿಸಿದ ಕುದುರೆ ತಲೆ ಎತ್ತಿದ ಕೂಡಲೇ ಗೇಟು ಕಳಚಿ ಅದರ ಕೊರಳಿಗೇ ಬೀಳುತ್ತದೆ. ಏರಿಸುವಾಗ ಕೆಳಪಿನ್ನನ್ನು ಮೊದಲು ಬಿಗಿಯಿರಿ. ಮೇಲಿನ ಪಿನ್ನನ್ನು ಬಳೆಗೆ ಮೊದಲೇ ತೂರಿಸಿಕೊಂಡು, ಗೇಟಿನ ಮೇಲ್ತುದಿಯನ್ನು ಕಂಬದಿಂದ ತುಸು ಆಚೆ ವಾಲಿಸಿ ಕೆಳಪಿನ್ನಿನ ಮೇಲೆ ಇಳಿಸಿ. ಆಮೇಲೆ ನೆಟ್ಟಗೆ ಮಾಡಿದರೆ ಪಿನ್ನಿನ ಮರೆಯುಳ್ಳ (ನಟ್ಟು ಕೂರುವ ತಿರುಪು ಸುತ್ತುಗಳಿರುವ) ಬಾಲ ಕಂಬದ ತೂತಿಗೆ ಹೋಗುತ್ತದೆ. ಕಂಬದ ಎರಡೂ ಕಡೆ ನಟ್ಟು ಹಾಕಿ, ಹೊರಚಾಚಿದ ಮರೆಯನ್ನು ಕತ್ತರಿಸಿ ಉಜ್ಜಿಬಿಡಿ.

ಗೇಟು ಇಳಿದಾಗ ‘ಕುಸಿದಿದೆ’ ಎಂದು ಬರೆದಿದ್ದರೆ ತೆಗೆಯಿರಿ. ‘ಗೇಟು ಜಗ್ಗಿದೆ’ ಬೇರೆ, ‘ಕಂಬ ವಾಲಿದೆ’ ಬೇರೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅಳತೆ ಒಂದೇ ಬಂದರೆ ಚೌಕಟ್ಟು ಸರಿಯಿದೆ, ತೂಗುಗುಂಡು ಹಿಡಿದು ಕಂಬ ನೋಡಿ. ಹೆಚ್ಚಾಗಿ ಕಂಬವೇ ವಾಲಿರುತ್ತದೆ. 40 ಕೆಜಿಯ 12 ಅಡಿ ಗೇಟಿಗೆ ಹಿಂಜುಗಳ ನಡುವೆ 3 ಅಡಿ ಇದ್ದರೆ ಮೇಲಿನ ಹಿಂಜು ಕಂಬವನ್ನು 80 ಕೆಜಿ ಬಲದಿಂದ ಎಳೆಯುತ್ತದೆ. 4 ಅಡಿ ಇದ್ದರೆ 60 ಕೆಜಿ. 8 ಅಡಿಯ ಕಂಬವಾದರೆ 3 ಅಡಿ ನೆಲದೊಳಗಿರಲಿ, ಸುತ್ತ ಕಾಂಕ್ರೀಟು ತುಂಬಿ ಏಳು ದಿನ ನೀರುಣಿಸಿ, ಆಮೇಲೆ ಗೇಟು ಏರಿಸಿ. ಅಲ್ಪಸ್ವಲ್ಪ ಜಗ್ಗಿದ್ದರೆ ಮೇಲಿನ ಪಿನ್ನಿನ ನಟ್ಟು ತಿರುಗಿಸಿ ಗೇಟನ್ನು ಕಂಬದ ಕಡೆ ಎಳೆದುಕೊಂಡರೆ ತುದಿ ಮೇಲೇಳುತ್ತದೆ.

ಚಿಲಕ ಎನ್ನುವುದು ಎಲ್ಲಕ್ಕೂ ಆಯಿತು. ಜಾರುವ ಸರಳು ‘ಅಗುಳಿ’, ಸಿಕ್ಕಿಸುವುದು ‘ಕೊಂಡಿ’. ಬರಿ ಕೊಂಡಿಯನ್ನು ಕುದುರೆ ತುಟಿಯಲ್ಲೇ ಎತ್ತಿಬಿಡುತ್ತದೆ. ಹೊರಬದಿಗೆ ಅಗುಳಿ, ಜೊತೆಗೆ ಕೆಳಗೊಂದು ಸರಪಳಿ ಇರಲಿ. ತೆರೆದಾಗ ಅಗುಳಿಯ ತುದಿ ಪೂರ್ತಿ ಒಳಸರಿಯಬೇಕು. ಚಾಚಿಕೊಂಡಿದ್ದರೆ ಅವಸರದಲ್ಲಿ ಹೊರನುಗ್ಗುವ ಕುದುರೆಯ ಸೊಂಟದ ಮೂಳೆಗೆ ಬಡಿಯುತ್ತದೆ. ಆ ಮೂಳೆ ಮುರಿದು ಒಂದು ಕಡೆ ತಗ್ಗಾದ ಕುದುರೆಗಳನ್ನು ಪಶುವೈದ್ಯರು ಕಾಣುತ್ತಲೇ ಇರುತ್ತಾರೆ. ಒಂದೇ ಕೈಯಲ್ಲಿ ತೆಗೆಯುವಂತಿರಲಿ, ಇನ್ನೊಂದು ಕೈಯಲ್ಲಿ ಹಗ್ಗ ಇರುತ್ತದಲ್ಲ.

ಮತ್ತೊಂದು ಉತ್ತರ:

ಉಣಗೋಲನ್ನು ಬಿಡಬೇಡಿ. ಎರಡು ಕಂಬದ ತೂತುಗಳಲ್ಲಿ ಗಳು (ಉದ್ದನೆಯ ಕೋಲು) ತೂರಿಸುವ ಈ ಏರ್ಪಾಡಿಗೆ ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ಮಾತಿಲ್ಲ. ಕೆಲವೆಡೆ ಸರಗೋಲು ಎಂದೂ ಅನ್ನುತ್ತಾರೆ. ಅಪರೂಪಕ್ಕೆ ತೆರೆಯುವ ಕಡೆ ಇದು ಸಾಕು, ಹಿಂಜಿನ ತಾಪತ್ರಯವೇ ಇಲ್ಲ. ಆದರೆ ದನದ ಬೇಲಿಯ ಅಳತೆ ಕುದುರೆಗೆ ಸಾಲದು. ಮೇಲಿನ ಗಳು ನಾಲ್ಕೂವರೆ ಅಡಿಗೆ ಬರಬೇಕು. ಕುದುರೆ ಕತ್ತು ಉಜ್ಜಿ ಉಜ್ಜಿ ಗಳುವನ್ನು ಪಕ್ಕಕ್ಕೆ ಸರಿಸುತ್ತದೆ, ಆದ್ದರಿಂದ ಪ್ರತಿ ಗಳುವಿನ ಎರಡೂ ತುದಿಗೆ, ಕಂಬದಿಂದಾಚೆಗೆ, ತೂತು ಕೊರೆದು ಕಬ್ಬಿಣದ ಕಡ್ಡಿ ಸಿಕ್ಕಿಸಬೇಕು. ತೆಗೆಯುವಾಗ ಎಲ್ಲ ಗಳುವನ್ನೂ ಪೂರ್ತಿ ಎಳೆದು ಬದಿಗಿಡಿ. ಕೆಳಗಿನದನ್ನು ಹಾಗೇ ಬಿಟ್ಟು ಕುದುರೆ ದಾಟಿಸಿದರೆ ಹಿಂಗಾಲು ತಗುಲುತ್ತದೆ.