ಅಮ್ಮನಿಗೆ 54ರಲ್ಲಿ ಸಿಕ್ಕ ಹುಟ್ಟು ಹರ್ನಿಯಾ: ಆಪರೇಷನ್ ಬೇಕೇ ಬೇಕಾ?

ಪ್ರಶ್ನೆ:
ಅಮ್ಮನಿಗೆ ಊಟ ಆದ ಮೇಲೆ ಎದೆ ಒತ್ತುತ್ತಿತ್ತು. ಎರಡು ವರ್ಷ ಗ್ಯಾಸ್ ಮಾತ್ರೆಯಲ್ಲೇ ಕಳೆದೆವು. ಹೋದ ವಾರ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು: ವಪೆಯಲ್ಲಿ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ), ಎದೆಮೂಳೆಯ ಹಿಂದೆ, ಬಲಗಡೆ ಹುಟ್ಟಿನಿಂದಲೇ ತೂತು. ದೊಡ್ಡ ಕರುಳಿನ ಒಂದು ಭಾಗ ಮೇಲೆ ಏರಿದೆ. ಮೊರ್ಗಾನಿ ಹರ್ನಿಯಾ ಅಂತೆ. "ಇಷ್ಟು ವರ್ಷ ಇದ್ದದ್ದು ಇರಲಿ ಬಿಡು" ಅನ್ನುತ್ತಾರೆ ಅಮ್ಮ. ನನಗೆ ರಾತ್ರಿ ನಿದ್ದೆ ಇಲ್ಲ.

ಉತ್ತರ 1:
ನನ್ನದು ಬೊಕ್ಡಲೆಕ್ ಹರ್ನಿಯಾ, ಅದೂ ವಪೆಯಲ್ಲಿ ಹುಟ್ಟಿನಿಂದ ಇರುವ ತೂತೇ, ಆದರೆ ಎಡಗಡೆ, ಹಿಂಭಾಗದ್ದು. 1848ರಲ್ಲಿ ಅದನ್ನು ವಿವರಿಸಿದ ವೈದ್ಯರ ಹೆಸರದು. ಮಲಗಿದರೆ ಎದೆಯೊಳಗೆ ಗುಳುಗುಳು ಸದ್ದು! 38ನೇ ವಯಸ್ಸಿನಲ್ಲಿ ಲ್ಯಾಪರೋಸ್ಕೋಪಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಆಪರೇಷನ್) ಮಾಡಿಸಿಕೊಂಡೆ. ಕರುಳನ್ನು ಮೆಲ್ಲಗೆ ಕೆಳಗೆ ಎಳೆದು, ತೂತು ಹೊಲಿದು, ಮೇಲೆ ಮೆಶ್ (ಬಲೆಯಂಥ ತೇಪೆ) ಹಾಕಿದರು. ಮಾರನೇ ದಿನವೇ ಮೂರು ಚೆಂಡಿನ ಉಸಿರಾಟದ ಡಬ್ಬಿ ಕೈಗೆ ಬಂತು; ಉಸಿರು ಜೋರಾಗಿ ಒಳಗೆಳೆದು ಚೆಂಡು ಏರಿಸುವ ವ್ಯಾಯಾಮಕ್ಕೆ. ಮೊದಲು ಒಂದೇ ಚೆಂಡು ಏರಿತು, ಐದನೇ ದಿನ ಮೂರೂ ಏರಿದವು. ಕಣ್ಣಲ್ಲಿ ನೀರು ಬಂತು.

ಉತ್ತರ 2:
ನಾನು ಆಪರೇಷನ್ ಥಿಯೇಟರ್ ನರ್ಸ್. ಅಮ್ಮನಿಗೆ ಒಂದು ಮಾತು ಹೇಳಿ. ಇಷ್ಟು ವರ್ಷ ಸುಮ್ಮನಿದ್ದ ಕರುಳು ಒಂದು ದಿನ ಆ ತೂತಿನಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ರಕ್ತ ಓಡಾಟ ನಿಂತರೆ ಕರುಳು ಕೊಳೆಯುತ್ತದೆ, ಆಗ ತುರ್ತು ಆಪರೇಷನ್, ಅಪಾಯ ಜಾಸ್ತಿ. ತೊಂದರೆ ಕಾಣುತ್ತಿದ್ದರೆ ನಿಧಾನವಾಗಿ ತಯಾರಾಗಿ ಮಾಡಿಸುವುದೇ ಒಳ್ಳೆಯದು, ಅಲ್ವಾ? ಬಿಪಿ, ಶುಗರ್, ಉಸಿರಾಟದ ಪರೀಕ್ಷೆ ಮೊದಲು ನೋಡುತ್ತಾರೆ. ಅಷ್ಟರೊಳಗೆ ವಾಂತಿ ನಿಲ್ಲದಿದ್ದರೆ, ಹೊಟ್ಟೆ ಉಬ್ಬಿ ಗಾಳಿಯೂ ಹೋಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರ ಮಾತನ್ನೂ ಅಮ್ಮನಿಗೆ ಓದಿ ಹೇಳಿದೆ. ಚೆಂಡಿನ ಡಬ್ಬಿ ಹೇಗಿರುತ್ತದೆ ಅಂತ ಕೇಳಿದರು. ಸೋಮವಾರ ಸರ್ಜನ್ ಹತ್ತಿರ ಹೋಗುತ್ತಿದ್ದೇವೆ.