ಮದ್ರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮುಚ್ಚಿದ್ದೇಕೆ?

ಪ್ರಶ್ನೆ:
ಚೆನ್ನೈನ ಕೆಥೆಡ್ರಲ್ ರಸ್ತೆಯಲ್ಲಿ 1962ರಲ್ಲಿ ಆರಂಭವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ 2008ರಲ್ಲಿ ಬಾಗಿಲು ಹಾಕಿತು. ಕರಾವಳಿಯ ಕಡಂದಲೆ ಎಂಬ ಊರಿನಿಂದ ಹೋಗಿ ಮದ್ರಾಸಿನಲ್ಲಿ ಉಡುಪಿ ಅಡುಗೆಗೆ ದೊಡ್ಡ ಹೆಸರು ತಂದ ಕೆ. ಕೃಷ್ಣರಾಯರ ಹೋಟೆಲುಗಳಲ್ಲಿ ಇದು ನನಗೆ ಅತ್ಯಂತ ಪ್ರಿಯವಾದುದು. ರುಚಿ ಕೆಟ್ಟರೆ ಅಥವಾ ಗಿರಾಕಿ ಕಡಿಮೆಯಾದರೆ ಹೋಟೆಲು ಮುಚ್ಚುವುದು ಸಹಜ. ಆದರೆ ಕೊನೆಯವರೆಗೂ ಜನ ಬರುತ್ತಿದ್ದ ಈ ಹೋಟೆಲು ನಿಂತದ್ದೇಕೆ? ಅದನ್ನು ಬೇರೆಡೆ ತೆರೆಯಲು ಸಾಧ್ಯವಿರಲಿಲ್ಲವೇ?

ಉತ್ತರ 1 (ಚೆನ್ನೈ ನಿವಾಸಿ):
ಕಾರಣ ಅಡುಗೆಯಲ್ಲ, ಜಾಗ. ಹೋಟೆಲು ನಡೆಯುತ್ತಿದ್ದುದು ಗುತ್ತಿಗೆಯ ಭೂಮಿಯಲ್ಲಿ. ಆ ಭೂಮಿಯ ಬಗ್ಗೆ ತೋಟಗಾರಿಕಾ ಸಂಘಕ್ಕೂ ಸರ್ಕಾರಕ್ಕೂ ಬಹುಕಾಲ ವ್ಯಾಜ್ಯ ನಡೆದು, ಕಡೆಗೆ ಸರ್ಕಾರ ಅದನ್ನು ವಶಕ್ಕೆ ಪಡೆಯಿತು. 2010ರ ನವೆಂಬರಿನಲ್ಲಿ ಅಲ್ಲಿ ಸುಮಾರು 20 ಎಕರೆಯ ಸೆಮ್ಮೊಳಿ ಪೂಂಗಾ ಉದ್ಯಾನ ತೆರೆಯಿತು. ಉದ್ಯಾನವೂ ಸಾರ್ವಜನಿಕರದೇ ಆದ್ದರಿಂದ ಅದನ್ನು ನಾನು ದೂರುವುದಿಲ್ಲ. ಆದರೂ ಅಷ್ಟು ವಿಸ್ತಾರದ ಜಾಗದ ಒಂದು ಮೂಲೆಯಲ್ಲಿ ಆ ಹೋಟೆಲನ್ನು ಉಳಿಸಿಕೊಳ್ಳಬೇಕಿತ್ತು ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಉತ್ತರ 2 (ಹೋಟೆಲ್ ಉದ್ಯಮದಲ್ಲಿರುವವರು):
ಬೇರೆಡೆ ತೆರೆಯುವ ಮಾತಿಗೆ ಉತ್ತರಿಸುತ್ತೇನೆ. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಸಪ್ಲೈಯರ್ ಬಂದು ಬಾಗಿಲಿಗೆ ತಟ್ಟೆ ಸಿಕ್ಕಿಸಿ ತಿಂಡಿ ಬಡಿಸುವುದು ಅಲ್ಲಿನ ಕ್ರಮವಾಗಿತ್ತು. ಒಳಗಿನ ಹಾಲ್‌ನಲ್ಲಿ ವಿದ್ಯಾರ್ಥಿಗಳು, ಪತ್ರಕರ್ತರು, ಮೆಡಿಕಲ್ ರೆಪ್‌ಗಳು ಒಂದು ಕಾಫಿ ಹಿಡಿದು ಎಷ್ಟೋ ಹೊತ್ತು ಕುಳಿತಿರುತ್ತಿದ್ದರು. ನಗರದ ನಡುವೆ ಇಂದಿನ ಬಾಡಿಗೆಗೆ ಅಷ್ಟು ಜಾಗ ಹಿಡಿದು, ಇಡ್ಲಿ, ದೋಸೆ, ಕಾಫಿಗಳ ಸಣ್ಣ ಲಾಭದಲ್ಲಿ ಅದನ್ನು ತೂಗಿಸುವುದು ಯಾರಿಂದಲೂ ಆಗದು. ನಮ್ಮ ಲೆಕ್ಕವೆಲ್ಲ ಒಂದು ಮೇಜಿಗೆ ದಿನಕ್ಕೆ ಎಷ್ಟು ಮಂದಿ ಕುಳಿತೆದ್ದರು ಎಂಬುದರ ಮೇಲೆ ನಿಂತಿದೆ. ರಾಧಾಕೃಷ್ಣನ್ ಸಾಲೆಯ ನ್ಯೂ ವುಡ್‌ಲ್ಯಾಂಡ್ಸ್ ಇಂದಿಗೂ ಇರುವುದರಿಂದ ಅಡುಗೆಯ ಪರಂಪರೆ ಕಡಿದುಹೋಗಿಲ್ಲ. ಕಳೆದುಹೋದದ್ದು ಆ ಬಯಲು ಮತ್ತು ಅಲ್ಲಿ ಯಾರೂ ಎಬ್ಬಿಸದೆ ಕೂರುವ ಅವಕಾಶ.

ಉತ್ತರ 3 (ಬೆಂಗಳೂರಿನಿಂದ):
ಸ್ಥಳಾಂತರ ಪೂರ್ತಿ ಅಸಾಧ್ಯವೇನಲ್ಲ ಸರ್. ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಹಳೆಯ ಕಟ್ಟಡ ಬಿಡಬೇಕಾಗಿ ಬಂದಾಗ ಸಮೀಪದ ಚರ್ಚ್ ಸ್ಟ್ರೀಟಿಗೆ ಹೋಯಿತು. ಪೇಟ ಧರಿಸಿದ ಸಪ್ಲೈಯರ್‌ಗಳು, ಕಾಫಿ, ಕಡಿಮೆ ದರ ಎಲ್ಲವೂ ಅಲ್ಲಿಗೆ ಹೋದವು. ಆದರೆ ಅದು ನೌಕರರ ಸಹಕಾರ ಸಂಘದ ಸಂಸ್ಥೆ. ದುಡಿಯುವವರೇ ಅದರ ಒಡೆಯರಾದ್ದರಿಂದ ಜಾಗ ಹೋದರೂ ಸಂಸ್ಥೆಯನ್ನು ಉಳಿಸಿಕೊಳ್ಳುವ ಹಟ ಅಲ್ಲಿತ್ತು ಎಂದು ನಾನು ಭಾವಿಸುತ್ತೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಸಹಕಾರ ಸಂಘದ ಮಾತು ನನಗೆ ಹೊಳೆದಿರಲಿಲ್ಲ. ಡ್ರೈವ್-ಇನ್‌ನ ಅಡುಗೆಮನೆಯಲ್ಲಿ ದುಡಿದ ಕರಾವಳಿಯವರು ಅಥವಾ ಅವರ ಮಕ್ಕಳು ಇಲ್ಲಿದ್ದರೆ, 2008ರ ನಂತರ ಅಲ್ಲಿನ ಕೆಲಸಗಾರರು ಎಲ್ಲಿಗೆ ಹೋದರು ಎಂಬುದನ್ನು ದಯವಿಟ್ಟು ಬರೆಯಿರಿ.